ಹೆಸರು ಹೇಳದೆ ಹೇಳಿದ ಅಂಗಡಿ

ಬ್ಯಾಂಕಿನವರ ಸೋಗಿನಲ್ಲಿ ಯಾರೋ ಕಳ್ಳರು ನನ್ನ ಫೋನಿನೊಳಗೆ ಹೊಕ್ಕಿರಬಹುದು. ಬ್ಯಾಟರಿ ಉಬ್ಬಿ, ಸಿಡಿಯುವ ಮೊದಲು ಸೌಜನ್ಯಕ್ಕೆಂದು ಒಂದು ಮುನ್ಸೂಚನೆ ಕೊಡುತ್ತಿರಬಹುದು. ಮಗಳು ಹಾಸ್ಟೆಲಿನಿಂದ ಕಳಿಸಿದ ಸಂದೇಶ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿರಬಹುದು. ಅದರಲ್ಲಿ ಜ್ವರದ ಸುದ್ದಿ ಇರಬಹುದು. ನಮ್ಮ ಮನೆಯ ಮಾತನ್ನೆಲ್ಲ ಯಾರೋ ಕದ್ದು ಕೇಳುತ್ತಿರಬಹುದು. ಹಾಗಿದ್ದರೆ ಪಾಪ, ಬದನೆಕಾಯಿ ಪಲ್ಯಕ್ಕೆ ಉಪ್ಪು ಸಾಲದೆಂಬ ರಹಸ್ಯವಷ್ಟೇ ಅವರ ಪಾಲಿಗೆ. ಈ ಟಿಂಗ್ ಎಂಬ ದನಿ ಫೋನಿನದೇ ಅಲ್ಲ, ನನ್ನ ಕಿವಿಯದಿರಬಹುದು. ಕಿವಿಯದೂ ಅಲ್ಲ, ಅದರ ಹಿಂದಿನ ಯಾವುದೋ ನರದ್ದಿರಬಹುದು. ಇಲ್ಲವೇ, ಹೊಸ ಡಿಸ್‌ಪ್ಲೇ ಹಾಕುವಾಗ ರಿಪೇರಿ ಅಂಗಡಿಯ ಚಾಚಾ ಒಳಗೆ ಏನನ್ನಾದರೂ ಕೂಡಿಸಿರಬಹುದು.

ಈ ಕೊನೆಯದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಸ್ಕೂಟರ್ ನಿಲ್ಲಿಸುವಾಗ ಫೋನು ಕಿಸೆಯಿಂದ ಜಾರಿ ಗಾಜು ಒಡೆದಿತ್ತು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಚಾಚಾ ಅವರದೊಂದು ಸಣ್ಣ ಅಂಗಡಿ. ನಮ್ಮ ಮನೆಯ ರೇಡಿಯೊ, ಟೇಪ್ ರೆಕಾರ್ಡರ್, ಆಮೇಲೆ ಮೊಬೈಲು, ಎಲ್ಲದರ ರಿಪೇರಿಯೂ ಅವರದೇ. ಮುಂಜಾನೆ ಕೊಟ್ಟ ಫೋನು ಸಂಜೆಗೆ ಹೊಸದರಂತೆ ಕೈಗೆ ಬಂತು. ಮನೆಗೆ ಬಂದ ಮೇಲೆ ಅದು ಟಿಂಗ್ ಎಂದಿತು. ತೆಗೆದು ನೋಡಿದರೆ ಸಂದೇಶವಿಲ್ಲ, ಕರೆಯಿಲ್ಲ, ಏನೂ ಇಲ್ಲ. ಒಂದಷ್ಟು ಹೊತ್ತು ಬಿಟ್ಟು ಮತ್ತೆ ಟಿಂಗ್. ಮರುದಿನವೂ ಅದೇ ಪಾಡು.

ಫ್ರಿಜ್ಜಿಗೆ ಕಿವಿ ಹಚ್ಚಿ ನಿಂತೆ. ಟಿವಿಯ ಪ್ಲಗ್ ಕಿತ್ತೆ. ಕೊನೆಗೆ ಫೋನನ್ನು ಖಾಲಿ ರೊಟ್ಟಿ ಡಬ್ಬಿಯೊಳಗಿಟ್ಟು, ಮುಚ್ಚಳ ಮುಚ್ಚಿ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಡಬ್ಬಿಯೊಳಗಿಂದಲೇ ಟಿಂಗ್ ಎಂದಿತು. ಕಿವಿಯ ನರ ಬಚಾವಾಯಿತು.

"ಅದು ಫೋನ್ ಐತ್ರಿ, ನಾಗರಹಾವಲ್ಲ. ಪುಂಗಿ ಊದೋರಂಗ ಯಾಕ ಕುಂತೀರಿ?" ಎಂದಳು ಹೆಂಡತಿ.

"ಇದಕ್ಕ ಏನರ ಆಗೇತಿ."

"ಆಗಿದ್ದು ಅದಕ್ಕಲ್ಲ ಬಿಡ್ರಿ. ರೊಟ್ಟಿ ಬಡದೇನಿ, ಲಗೂನ ಡಬ್ಬಿ ಖಾಲಿ ಮಾಡ್ರಿ."

ನಮ್ಮ ಮನೆಯಿರುವ ನವನಗರದ ಪಾರ್ಕಿನಲ್ಲಿ, ಮುಂಜಾನೆಯ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ನಮ್ಮದೊಂದು ಗುಂಪಿದೆ. ನಮ್ಮ ಕಡೆಯ ಸಭ್ಯಸ್ಥರಲ್ಲಿ ಒಂದು ಪದ್ಧತಿ: ಒಬ್ಬರ ಮೇಲೆ ಆಪಾದನೆ ಹೊರಿಸುವಾಗ ಹೆಸರು ಎತ್ತಬಾರದು. ಎತ್ತಿದರೆ ಅದು ಚಾಡಿ. ಹೆಸರೊಂದನ್ನು ಬಿಟ್ಟು ಉಳಿದ ಗುರುತನ್ನೆಲ್ಲ ಹೇಳಿ, ನಡುನಡುವೆ 'ರಿ' ಹಚ್ಚಿದರೆ ಅದು ಕಾಳಜಿ. ನಾನು ಆ ಮುಂಜಾನೆ ಬಹಳ ಕಾಳಜಿಯಿಂದ ಮಾತಾಡಿದೆ.

"ಡಿಸ್‌ಪ್ಲೇ ಹಾಕಿಸಿದ ಮ್ಯಾಲಿಂದ ಹಿಂಗ ಆಗಾಕತ್ತೇತ್ರಿ. ಒಳಗ ಏನರ ಕೂಡಿಸ್ಯಾರೋ ಏನೋ ಅಂತ ಸಂಶೇ."

"ಎಲ್ಲಿ ಹಾಕಿಸಿದ್ರಿ ಸರ?" ಎಂದರು ನಿವೃತ್ತ ಮಾಸ್ತರರೊಬ್ಬರು.

"ಹೆಸರ ಯಾಕ ಬಿಡ್ರಿ ಮಾಸ್ತರ. ಮನಷಾ ಛಲೋ ಅದಾರ. ದೇಶಪಾಂಡೆ ನಗರದಾಗ, ಬೇಕರಿ ಮಗ್ಗಲಕ, ಮೆಟ್ಟಲಾ ಇಳದ ಹೋಗೂದು ಒಂದ ಐತಲ್ಲ..."

"ಚಾಚಾನ ಅಂಗಡಿ!"

"ನಾ ಏನ ಹೆಸರ ಹೇಳಿಲ್ರಿ ಮತ್ತ."

"ಏ, ನೀವೆಲ್ಲಿ ಹೇಳಿದ್ರಿ!" ಎಂದು ಎಲ್ಲರೂ ನನ್ನ ದೊಡ್ಡತನವನ್ನು ಒಪ್ಪಿಕೊಂಡರು. ತಮ್ಮ ಸೊಸೆಯ ಫೋನೂ ಅಲ್ಲಿಯೇ ರಿಪೇರಿಗೆ ಬಿದ್ದಿದೆ ಎನ್ನುತ್ತ ಮಾಸ್ತರರು ಲಗುಬಗೆಯಿಂದ ಎದ್ದರು. ಅವರು ಗೇಟು ದಾಟುವ ತನಕ, ಕೂಗಿ ಕರೆಯಬೇಕು, ಇದು ಬರೀ ನನ್ನ ಸಂಶಯ ಎನ್ನಬೇಕು ಅಂತ ಅನ್ನಿಸುತ್ತಲೇ ಇತ್ತು. ಕರೆಯಲಿಲ್ಲ.

ರವಿವಾರ ಹೆಂಡತಿ ತಾಳ್ಮೆಗೆಟ್ಟು ಫೋನು ಕಸಿದುಕೊಂಡು ಒಂದೊಂದೇ ಆ್ಯಪ್ ತೆರೆದು ನೋಡತೊಡಗಿದಳು.

"ಇದೇನ್ರಿ, ನೀರಿನ ಹನಿ ಚಿತ್ರ?"

ನನ್ನ ಬಾಯಿ ಒಣಗಿತು. ಕಿಡ್ನಿಯಲ್ಲಿ ಹರಳಾಗಿದೆಯೆಂದು ಡಾಕ್ಟರರಿಗಿಂತ ಮೊದಲೇ ನಾನು ತೀರ್ಮಾನಿಸಿಕೊಂಡಿದ್ದ ದಿನಗಳಲ್ಲಿ, ನೀರು ಕುಡಿಯಲು ನೆನಪಿಸುವ ಆ್ಯಪ್ ಹಾಕಿಕೊಂಡಿದ್ದೆ. ಆಫೀಸಿನಲ್ಲಿ ಯಾರಾದರೂ ನೋಡಿ ನಕ್ಕಾರೆಂದು ಅದರ ಸೂಚನೆ ಪರದೆಯ ಮೇಲೆ ಕಾಣದ ಹಾಗೆ ಮಾಡಿದ್ದೆ. ದನಿಯನ್ನು ಹಾಗೆಯೇ ಬಿಟ್ಟಿದ್ದೆ. ಆಗ ಫೋನು ಸದಾ ಸೈಲೆಂಟ್‌ನಲ್ಲಿ ಇರುತ್ತಿದ್ದುದರಿಂದ ಅದು ಕೇಳಿಸಿರಲಿಲ್ಲ. ಚಾಚಾ ಸ್ಪೀಕರ್ ಪರೀಕ್ಷಿಸುವಾಗ ಸೈಲೆಂಟ್ ತೆಗೆದಿದ್ದರು. ಡಿಸ್‌ಪ್ಲೇ ಬಿಟ್ಟರೆ ಅವರು ಮಾಡಿದ್ದು ಅಷ್ಟೇ.

"ನೀರ ಕುಡೀರಿ ಅನ್ನಾಕತ್ತಿತ್ತ, ಪಾಪ," ಎಂದು ಹೆಂಡತಿ ಬಿದ್ದು ಬಿದ್ದು ನಕ್ಕಳು.

"ಪಾರ್ಕಿನ್ಯಾಗ ಹೇಳಿಬಿಟ್ಟೇನಿ," ಎಂದೆ.

"ಏನಂತ? ಚಾಚಾ ಮಾಡ್ಯಾರ ಅಂತ?"

"ಹೆಸರ ಹೇಳಿಲ್ಲ."

"ಬೇಕರಿ ಹೇಳೀರೋ ಇಲ್ಲೋ?"

ನಾನು ಎದ್ದು ನೀರಿನ ತಂಬಿಗೆ ಎತ್ತಿಕೊಂಡೆ.

"ಹಂಗಾರ ಹೇಳೀರಿ," ಎಂದಳು. ಈ ಸಲ ನಗಲಿಲ್ಲ.

ಮರುದಿನ ಕಲ್ಲುಬೆಂಚಿನ ಮೇಲೆ ನೀರಿನ ಆ್ಯಪಿನ ಕಥೆಯನ್ನು, ಹರಳಿನ ಸಮೇತ, ನಾಚಿಕೆ ಬಿಟ್ಟು ಹೇಳಿದೆ. ಯಾರಿಗೂ ಅದು ರುಚಿಸಲಿಲ್ಲ.

"ಬಿಡ್ರಿ ಸರ. ಹೊಟ್ಟಿಪಾಡಿನ ಮಂದಿ ಅಂತ ನೀವು ಮುಚ್ಚಾಕತ್ತೀರಿ. ನಿಮ್ಮ ಮನಸ್ಸ ದೊಡ್ಡದು," ಎಂದರು ಒಬ್ಬರು.

"ಖರೇನ ಹೇಳಾಕತ್ತೇನ್ರಿ!"

"ಅದೇನರ ಇರ್ಲಿ," ಎಂದರು ಮಾಸ್ತರರು. "ನಾ ಅಂತೂ ಸೊಸಿ ಫೋನ್ ಬಿಚ್ಚಾಕ ಬಿಡಲಿಲ್ಲ. ಹಂಗ ವಾಪಸ್ ತಂದೇನಿ. ಯಾಕಂತ ಚಾಚಾ ಕೇಳಿದ್ರು, ಹೇಳಿದೆ. ನಿಮ್ಮ ಹೆಸರ ತಗೀಲಿಲ್ಲ ಮತ್ತ. ನವನಗರದೋರು, ಮೊನ್ನೆ ಡಿಸ್‌ಪ್ಲೇ ಹಾಕಿಸಿದೋರು ಅಂದೆ, ಅಷ್ಟ."

ಆಫೀಸಿಗೆ ರಜೆ ಹಾಕಿ ಹುಬ್ಬಳ್ಳಿಗೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕ್ಷಮೆಯ ಮಾತನ್ನು ಹೊಂದಿಸಿಕೊಂಡೆ. ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಎಲ್ಲ ಚೆದುರಿಹೋಯಿತು. ಚಾಚಾ ಒಬ್ಬರೇ ಇದ್ದರು. ಹಿಂದು ಮುಂದಿಲ್ಲದೆ ಎಲ್ಲವನ್ನೂ ಒದರಿದೆ. ಅವರು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು. ನೀರಿನ ಆ್ಯಪ್ ಬಂದಾಗ ನಕ್ಕರು ಕೂಡ.

"ಹೋಗ್ಲಿ ಬಿಡ್ರಿ ಸಾಹೇಬ್ರ. ಮನಷಾ ಅಂದ ಮ್ಯಾಲ ಸಂಶೇ ಬರೋದ. ತಾವು ಇಷ್ಟ ದೂರ ಬಂದ್ರಲ್ಲ, ಅದ ದೊಡ್ಡದು."

"ಆ ಮಾಸ್ತರಗೆ ನಾ ಮತ್ತ ಹೇಳ್ತೇನ್ರಿ ಚಾಚಾ."

"ಬ್ಯಾಡ್ರಿ. ಹೇಳಿದಷ್ಟೂ ಬೆಳೀತೈತಿ."

ನನಗೆ ಹಗುರವಾಯಿತು. ಇನ್ನೂ ಹಗುರ ಮಾಡಿಕೊಳ್ಳುವ ಆಸೆಯೂ ಆಯಿತು. ಚಾರ್ಜ್ ಚೆನ್ನಾಗಿಯೇ ನಿಲ್ಲುತ್ತಿತ್ತು; ಆದರೂ ವಿಶ್ವಾಸ ತೋರಿಸಬೇಕಲ್ಲ ಎಂದು, "ಚಾರ್ಜ್ ಲಗೂನ ಇಳಿಯಾಕತ್ತೇತಿ, ಒಂದೀಟ ನೋಡ್ರಿ ಚಾಚಾ," ಎನ್ನುತ್ತ ಲಾಕ್ ತೆಗೆದು ಎರಡೂ ಕೈಯಿಂದ ಫೋನು ಚಾಚಿದೆ.

ಅವರು ತೆಗೆದುಕೊಳ್ಳಲಿಲ್ಲ. ಎದ್ದು ಬಂದು ನನ್ನ ಪಕ್ಕ ನಿಂತರು.

"ತಾವ ಹಿಡಕೊಳ್ರಿ ಸಾಹೇಬ್ರ. ನಾ ಹೇಳ್ತಾ ಹೋಗ್ತೇನಿ, ತಾವ ಒತ್ರಿ."

ಅವರು ಹೇಳಿದಲ್ಲೆಲ್ಲ ಒತ್ತುತ್ತ ಹೋದೆ. ಅವರ ಎರಡೂ ಕೈ ಬೆನ್ನ ಹಿಂದೆ ಇದ್ದವು.