ಆ ಮನೆಗೆ ಗೋಲು ಎಲ್ಲಿಂದ ಬಂತು?

ಮಡಿಕೇರಿ ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿ ಜೊತೆ ನಾನೇ ಮಾತು ಶುರು ಮಾಡಿದೆ. "ನಮ್ಮ ಕೊಡಗಿನ ಕುಟುಂಬ ಹಾಕಿ ಪಂದ್ಯ ಅಂದ್ರೆ ಒಂದೊಂದು ಮನೆಯವರೇ ತಂಡ ಕಟ್ಟಿ ಆಡಬೇಕಲ್ವಾ? ಕಕ್ಕಬೆಯ ಆ ಮನೇಲಿ ನೆಟ್ಟಗೆ ಸ್ಟಿಕ್ ಹಿಡಿಯೋರೇ ಇರಲಿಲ್ಲ. ಈ ವರ್ಷ ಒಬ್ಬನಿಗೆ ಪಾಸ್ ಸಿಕ್ಕಿದ್ದೆಲ್ಲ ಗೋಲಂತೆ! ನಾನು ಅಡುಗೆ ಮಾಡೋ ಮನೆಯವರನ್ನೂ ಸೋಲಿಸಿದ. ಇವತ್ತು ಆಯ್ದ ಆಟಗಾರರ ಪಂದ್ಯದಲ್ಲೂ ಇದ್ದಾನಂತೆ. ಯಾರೋ ಹೊರಗಿನವನು ಕಣಮ್ಮ. ಪಂದ್ಯ ನಡೆಸೋರಿಗೆ ದೂರು ಹೇಳಿ ತೆಗೆಸ್ತೀನಿ."

"ಆಟ ನೋಡಿದ್ರಾ ಅಜ್ಜಿ?"

"ನೋಡೋದ್ಯಾಕೆ? ಊರೆಲ್ಲ ಹೇಳ್ತಿದೆ."

ಹುಡುಗಿ ಸೀಟಿನಡಿಯಿಂದ ಹಾಕಿ ಸ್ಟಿಕ್ ಎಳೆದು ಮಡಿಲಲ್ಲಿಟ್ಟುಕೊಂಡಳು. "ಅವನಲ್ಲ ಅಜ್ಜಿ, ನಾನು. ಆ ಮನೆ ಹೊಸ ಸೊಸೆ. ಸೊಸೆಯಂದಿರೂ ಆಡಬಹುದು."

ದೂರನ್ನು ಅಲ್ಲೇ ನುಂಗಿಕೊಂಡೆ. ಅನುಮಾನ ಮಾತ್ರ ಹೋಗಿಲ್ಲ: ಆ ಮನೆಯವರು ಹೆಣ್ಣು ನೋಡೋಕೆ ಹೋಗಿದ್ದು ಅವಳ ಮನೆಗೋ, ಮೈದಾನಕ್ಕೋ?