ಗಂಗವ್ವನ ಬೋರ್ಡಿನ ಎರಡು ಅಕ್ಷರ

ಕಿತ್ತೂರು, ಮಾರ್ಚ್ ೧೯೭೪

ಧಾರವಾಡದ ಬಸ್ಸಿಗಾಗಿ ಕಾಯುತ್ತ ಹೆದ್ದಾರಿ ಪಕ್ಕದ ಗಂಗವ್ವನ ಖಾನಾವಳಿಯ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಪೇಂಟರ್ ಮೌನೇಶಪ್ಪ ಏಣಿ ಹತ್ತಿ ಅವಳ ಹಳೆಯ ಬೋರ್ಡು ಅಳಿಸಿ ಹೊಸದು ಬರೆಯುತ್ತಿದ್ದ. ಮೊದಲು ನಾಟಕ ಕಂಪನಿಗಳ ಪರದೆ ಬರೆದ ಕೈ ಅದು. ಹೊಟ್ಟೆ ಉಬ್ಬಿದ ಕೆಂಪು ಅಕ್ಷರ, ಬಾಲಕ್ಕೆ ಬಳ್ಳಿ, ಬೆನ್ನಿಗೆ ಹಳದಿ ನೆರಳು. ಗಂಗವ್ವನಿಗೆ ಆ ಅಕ್ಷರವೆಂದರೆ ಜೀವ. ಹೋದ ವರ್ಷ ಹಠ ಹಿಡಿದು ತನ್ನ ಹೆಸರು, ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಎಲ್ಲವನ್ನೂ ಅದರಲ್ಲೇ ಬರೆಸಿದ್ದಳಂತೆ. ಡ್ರೈವರುಗಳು ಓದಿ ಮುಗಿಸುವಷ್ಟರಲ್ಲಿ ಲಾರಿ ಖಾನಾವಳಿ ದಾಟಿರುತ್ತಿತ್ತು.

ಈಗ ಬೋರ್ಡಿನ ತುಂಬ ಆ ಅಕ್ಷರದಲ್ಲಿ ಒಂದೇ ಮಾತು: ಊಟ.

"ನನ್ನ ಹೆಸರ ಎಲ್ಲಿ ಐತಿ?" ಎಂದಳು ಗಂಗವ್ವ.

"ಕೆಳಗ ಸಾದಾ ಅಕ್ಷರದಾಗ ಬರೀತೇನಿ. ನಾಟಕದ ಪಡದಿ ಮ್ಯಾಲೂ ನಾಟಕದ ಹೆಸರಿಗಷ್ಟ ಈ ಬಳ್ಳಿ ಅಕ್ಷರ ಹಾಕತಿದ್ವಿ. ಎಲ್ಲಾರೂ ಕಿರೀಟ ಇಟ್ಕೊಂಡ್ರ ರಾಜಾ ಯಾರಂತ ಹೆಂಗ ಗೊತ್ತಾಗಬೇಕ, ಯವ್ವಾ?"

ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ದೂರದಲ್ಲಿ ನನ್ನ ಬಸ್ಸು ಕಾಣಿಸಿತು. ಈ ಬಸ್ಸು ಇಲ್ಲಿ ಕೈ ಮಾಡಿದರೂ ನಿಲ್ಲುವುದು ಅನುಮಾನ ಎಂದಿದ್ದರು. ಚೀಲ ಎತ್ತಿಕೊಂಡು ರಸ್ತೆಗೆ ಓಡಿದೆ. ನಾನು ಕೈ ಎತ್ತುವ ಮೊದಲೇ ಬಸ್ಸು ನಿಧಾನವಾಗಿ, ಬದಿಗೆ ಸರಿದು, ಬೋರ್ಡಿನ ಮುಂದೆ ನಿಂತಿತು. ಡ್ರೈವರ್ ಎಂಜಿನ್ ಬಂದ್ ಮಾಡಿದ. ಕಂಡಕ್ಟರ್ ಬಾಗಿಲು ತೆರೆದು, "ಇಳೀರ್ರಿ, ಇಲ್ಲೇ ಊಟ ಮಾಡೂಣು!" ಎಂದು ಕೂಗಿದ.

ಮೌನೇಶಪ್ಪ ಏಣಿಯ ಮೇಲೆ ನಿಂತೇ ಕುಂಚವನ್ನು ಗದೆಯಂತೆ ಎತ್ತಿ ಹಿಡಿದ.

"ಗಂಗವ್ವಾ, ಬಣ್ಣ ಇನ್ನಾ ಆರಿಲ್ಲ, ಬಸ್ ತುಂಬ ಮಂದಿ ಬಂದಾರ! ರೊಟ್ಟಿ ಬಡೀರಿ!"