ಮಾತ್ರೆ ನಿಲ್ಲಿಸಿದ ರಫು ಅಕ್ಕ

ಬಟ್ಟೆ ಹರಿದದ್ದೇ ಗೊತ್ತಾಗದಂತೆ ಎಳೆಗೆ ಎಳೆ ಸೇರಿಸಿ ಕೂಡಿಸುವುದು ರಫು ಕೆಲಸ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಮುಖಮಾಡಿ, ಆಕೆ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ಕೋಟಿನ ಒಳಮಡಿಕೆಯಿಂದ ನೂಲು ಕದ್ದು ಮೊಣಕೈಯ ತೂತು ಮುಚ್ಚುವಳು. ಅಂಗಡಿಯವರಿಗೆ ಆಕೆ ರಫು ಅಕ್ಕ. ಕೋಟು ಹಾಕುವವರಿಗೆ ಯಾರೂ ಅಲ್ಲ.

ಕತ್ತಿನಲ್ಲಿ ಗಂಟೆದ್ದಿತು. ಆಸ್ಪತ್ರೆಯಲ್ಲಿ ಕ್ಷಯ ಅಂದರು.

"ಕೆಮ್ಮೇ ಇಲ್ವಲ್ಲ, ಇದೆಂಥ ಟಿ.ಬಿ.?" ಎಂದು ನಕ್ಕಳು.

ಆಸ್ಪತ್ರೆಯ ನರ್ಸು ಮಾತ್ರೆ ಕೊಟ್ಟು, ಹಿಂದಿದ್ದ ನಲವತ್ತು ಜನರ ಸಾಲು ನೋಡುತ್ತ, ಒಂದೇ ಉಸಿರಿಗೆ ಹೇಳಿದಳು: "ಕಣ್ಣು ಮಂಜಾದ್ರೆ ಮಾತ್ರೆ ನಿಲ್ಸಿ, ತಕ್ಷಣ ಬನ್ನಿ."

ಆ ಮಾತ್ರೆಗಳಲ್ಲೊಂದು ಅಪರೂಪಕ್ಕೆ ಕಣ್ಣಿಗೆ ಕುತ್ತು ತರುವುದು ನಿಜ. ಕ್ಷಯವೇ ಕಣ್ಣಿಗಿಳಿಯಬಹುದು ಎಂದು ಮಾತ್ರ ಯಾರೂ ಬಾಯಿಬಿಡಲಿಲ್ಲ.

ಎರಡನೇ ತಿಂಗಳು ಎಡಗಣ್ಣು ಕೆಂಪಾಯಿತು. ಬೆಳಕು ಚುಚ್ಚಿತು, ನೂಲು ಮಸುಕಾಯಿತು. ಹೇಳಿದ ಮಾತು ಮೀರುವವಳಲ್ಲ, ಮಾತ್ರೆ ನಿಲ್ಲಿಸಿದಳು. ಮಾತಿನ ಉಳಿದರ್ಧ ಪಾಲಿಸಲು ರಜೆ ಬೇಕಿತ್ತು.

"ಈ ರಾಶಿ ಮುಗ್ಸಿ ಹೋಗಕ್ಕ. ಕಣ್ಣೇನು ಓಡಿಹೋಗುತ್ತಾ?" ಅಂದ ಮಾಲೀಕ.

"ಹೋದ್ರೆ ನಿನ್ನದು ಕಿತ್ಕೊಳ್ತೀನಿ, ತಮ್ಮಾ."

ಇಬ್ಬರೂ ನಕ್ಕರು. ರಾಶಿ ಮುಗಿಯಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಬಲಗಣ್ಣೂ ಕೆಂಡವಾಗಿತ್ತು. ತಂಗಿ ಕೈಹಿಡಿದು ಕರೆದೊಯ್ದಳು.

"ಮಾತ್ರೆಯಿಂದಾದ್ರೆ ಹೀಗೆ ಕೆಂಪಾಗಲ್ಲಮ್ಮ, ನೋಯೋದೂ ಇಲ್ಲ," ಎಂದರು ಕಣ್ಣಿನ ಡಾಕ್ಟರು. "ಇದು ಕ್ಷಯದ್ದೇ ಉರಿಯೂತ. ಮಾತ್ರೆ ಯಾಕೆ ಬಿಟ್ರಿ?"

"ನಿಮ್ಮೋರೇ ತಾನೆ ಸಾರ್ ಹೇಳಿದ್ದು?"

ಡಾಕ್ಟರು ಚೀಟಿ ಬರೆಯತೊಡಗಿದರು.

"ಸೂಜಿ ಪೋಣಿಸೋಷ್ಟಾದ್ರೂ ಕಾಣುತ್ತಾ?" ತಂಗಿ ಕೇಳಿದಳು.

"ಕಷ್ಟ. ನೆರಳು ಬೆಳಕು ತಿಳೀಬಹುದು."

ಮತ್ತೆ ಮಾತ್ರೆ, ಕಣ್ಣಿಗೆ ಹನಿ. ಗಂಟು ಕರಗಿತು. ಕಣ್ಣಿನ ನೋಟ ಮರಳಲಿಲ್ಲ. ಆಸ್ಪತ್ರೆಯ ದಫ್ತರದಲ್ಲಿ ಆಕೆ 'ಗುಣಮುಖ'. ಮೇಲೊಂದು ಷರಾ: 'ರೋಗಿಯೇ ಔಷಧ ನಿಲ್ಲಿಸಿದ್ದರು.' ಯಾರ ಮಾತು ಕೇಳಿ ನಿಲ್ಲಿಸಿದಳು, ಯಾರು ರಜೆ ಕೊಡಲಿಲ್ಲ ಎಂದು ಬರೆಯಲು ಅಲ್ಲಿ ಯಾರ ಪೆನ್ನಿಗೂ ಶಾಯಿಯಿಲ್ಲ.

ಈಗ ಅದೇ ಕೋಣೆಯಲ್ಲಿ ಇಸ್ತ್ರಿಯಾದ ಬಟ್ಟೆ ಮಡಚುತ್ತಾಳೆ. ಮಾಲೀಕ ಅದನ್ನು ಉಪಕಾರ ಅನ್ನುತ್ತಾನೆ. ಮೊನ್ನೆ ಒಂದು ಪ್ಯಾಂಟಿನ ಮೇಲೆ ಆಕೆಯ ಬೆರಳು ನಿಂತಿತು.

"ಇಲ್ಲೊಂದು ತೂತಿದೆ, ತಮ್ಮಾ."

"ಗೊತ್ತಕ್ಕ. ಬೇರೆ ಕಡೆ ಕಳಿಸ್ತೀನಿ, ಪಕ್ಕಕ್ಕಿಡು."

ಇಟ್ಟಳು.